ಆರಾಮಾದ ಮ್ಯಾಲ ನೋಡೂಣು

ರಾಮದುರ್ಗ
೧೫ ಸೆಪ್ಟೆಂಬರ್ ೨೦೦೩

ಪ್ರೀತಿಯ ಮಗ ಜುನೇದನಿಗೆ ನಿನ್ನ ಅಮ್ಮಿಯ ಸಲಾಂ, ಮನಸಾರೆ ದುವಾ.

ಹೇಗಿದ್ದೀಯ? ದಮ್ಮಾಮಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತದೆ ಎಂದಿದ್ದೆ, ಈಗ ನಿಂತಿದೆಯೇ? ಲಾರಿಯಲ್ಲಿ ನೀರು ಖಾಲಿಯಾಗಲು ಬಿಡಬೇಡ, ಖಾಲಿ ಹೊಟ್ಟೆಯಲ್ಲಿ ದೂರದ ಟ್ರಿಪ್ಪಿಗೆ ಹೋಗಬೇಡ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಅಷ್ಟು ಬರೆದು ಸುಮ್ಮನಾಗಲು ಮನಸ್ಸು ಬಾರದು. ಬೆಳಗಿನಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಬೂತಿನಲ್ಲಿ ನಿನ್ನ ಅಬ್ಬಾ ಪಕ್ಕದಲ್ಲೇ ನಿಂತಿರುತ್ತಾರೆ. ರಿಸೀವರ್ ನನ್ನ ಕೈಗೆ ಬರುವಷ್ಟರಲ್ಲಿ ಊಟವಾಯಿತೇ ಎಂದು ಕೇಳುವಷ್ಟೇ ಹೊತ್ತು ಉಳಿದಿರುತ್ತದೆ.

ನಿನ್ನ ಹೆಂಡತಿಗೆ ಜ್ವರ ಬಂದಿತ್ತು, ಸುಧಾರಿಸಿಕೊಳ್ಳಲು ಕಿತ್ತೂರಿನ ತವರಿಗೆ ಹೋಗಿದ್ದಾಳೆ, ಗಂಟಲಿನ ಏನೋ ಜಡ್ಡು ಇದೆಯಂತೆ, ಇಷ್ಟೇ ನಿನಗೆ ತಿಳಿದಿರುವುದು. ಶಬನಮ್‌ಗೆ ಬಂದದ್ದು ಬರೀ ಜ್ವರವಲ್ಲ, ಎರಡೂ ಪುಪ್ಪುಸಗಳಿಗೆ ನ್ಯುಮೋನಿಯಾ ಹಿಡಿದಿತ್ತು. ಮೊದಲ ಮಳೆಗೆ ಕೆಮ್ಮು ಶುರುವಾಯಿತು, ಇಲ್ಲಿಯ ಇಂಜೆಕ್ಷನ್ನಿಗೆ ಬಗ್ಗಲಿಲ್ಲ. ಜೀಪು ಮಾಡಿಕೊಂಡು ಹೊರಟೆವು. ಸವದತ್ತಿ ದಾಟುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಬೈಲಹೊಂಗಲದಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಬೆಳಗಾವಿಯ ದೊಡ್ಡ ದವಾಖಾನೆ ಮುಟ್ಟಿದೆವು. ಅಲ್ಲಿ ಅವಳ ಬಾಯೊಳಗೆ ನಳಿಕೆ ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ನಿನಗೆ ತಿಳಿಸಿದರೆ ಗಾಬರಿಯಲ್ಲೇ ಲಾರಿ ಓಡಿಸೀಯೆಂದು ಹೇಳಲಿಲ್ಲ. ಆಗ ಅದೇ ಸರಿ ಅನಿಸಿತ್ತು.

ಯಂತ್ರ ತೆಗೆದ ಮೇಲೂ ಹುಡುಗಿ ಪೂರ್ತಿ ಎಚ್ಚರವಾಗಲಿಲ್ಲ. ಕರೆದರೆ ಕಣ್ಣು ತೆರೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಅಂಗಾಲು ತಣ್ಣಗಿರುತ್ತಿತ್ತು. ಅದಕ್ಕೇ ಇನ್ನಷ್ಟು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, "ಥೈರಾಯ್ಡ್ ಭಾಳ ಕಡಿಮಿ ಐತ್ರಿ. ಮೊದಲಿಂದನೂ ಇತ್ತೇನು?" ಎಂದರು. ನಿನ್ನ ಅಬ್ಬಾ ಆ ಶಬ್ದವನ್ನು ಅವರಿಂದ ಎರಡು ಸಲ ಹೇಳಿಸಿಕೊಂಡರು. ನಿನ್ನ ದೊಡ್ಡ ಫೂಫಿಯ ಗಂಟಲು ಇದೇ ಥೈರಾಯ್ಡಿನಿಂದ ಊದಿಕೊಂಡಿದ್ದದ್ದು ನಿನಗೆ ನೆನಪಿರಬಹುದು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ವಾಪಸು ಕಳಿಸಿದ ಆ ಅಕ್ಕ ಇದೇ ಪಡಸಾಲೆಯಲ್ಲಿ ಕುಳಿತು ಮುದುಕಿಯಾದದ್ದನ್ನು ಅವರು ಕಣ್ಣಾರೆ ಕಂಡವರು. ಆ ಒಂದು ಶಬ್ದಕ್ಕೆ ಅವರ ಜೀವವೇ ಅಲ್ಲಾಡಿತು.

ಹಿರಿಯ ಡಾಕ್ಟರು ಗಂಗಾಬಾಯಿಯವರು ಮರುದಿನ ನಮ್ಮನ್ನು ಒಳಗೆ ಕರೆದರು. "ಆಕಿ ಜೀವ ಈಗ ಪುಪ್ಪುಸದ ಜೋಡಿ ಬಡದಾಡಾಕ ಹತ್ತೈತ್ರಿ. ಅದಕ್ಕ ಉಳಿದ ಕೆಲಸಾ ಸಾವಕಾಶ ಮಾಡೇತಿ. ಜೋರ್ ಜಡ್ಡಿನ್ಯಾಗ ಭಾಳ ಮಂದಿಗೆ ಹಿಂಗ ಇಳೀತೈತಿ, ಗಂಟಲಾಗಿನ ಗ್ರಂಥಿ ಚಲೋನೇ ಇದ್ರೂ. ಈಗ ಗುಳಿಗಿ ಕೊಡೂದಿಲ್ಲ. ಆರಾಮಾದ ಮ್ಯಾಲ ನೋಡೂಣು" ಎಂದರು. ನಾನು ಸುಮ್ಮನಿರಲಾರದೆ, "ಖರೇನ ಆ ಜಡ್ಡು ಇದ್ರ?" ಎಂದು ಕೇಳಿದೆ. "ಇದ್ರ ದಿನಾ ಮುಂಜಾನೆ ಒಂದು ಗುಳಿಗಿ. ಸಂಸಾರಾನೂ ಆಗ್ತೈತಿ, ಮಕ್ಕಳೂ ಆಗ್ತಾವ. ಅದಕ್ಯಾಕ ಇಷ್ಟ ಅಂಜತೀರಿ" ಎಂದರು. ನಾನು ಇದನ್ನು ಕೇಳಿಸಿಕೊಂಡೆ. ನಿನ್ನ ಅಬ್ಬಾ ಮೊದಲ ಡಾಕ್ಟರ ಮಾತಿನಲ್ಲೇ ಉಳಿದುಬಿಟ್ಟಿದ್ದರು.

ಶಬನಮ್ ಬದುಕಿ ಮನೆಗೆ ಬಂದಳು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು, ಕಂಕುಳಲ್ಲಿ ಕೈಕೊಟ್ಟು ಎತ್ತಿದರೆ ಹಕ್ಕಿಯಷ್ಟು ಹಗುರ. ಇನ್ನೂ ಸರಿಯಾಗಿ ರೊಟ್ಟಿ ಸೇರದ ಅವಳನ್ನು ಅಬ್ಬಾ ಇಲ್ಲಿಯ ಲ್ಯಾಬಿಗೆ ಕರೆದೊಯ್ದರು. ಈ ಸಲದ ರಿಪೋರ್ಟು ಇನ್ನೊಂದು ಕಡೆಗೆ ತಪ್ಪಿತ್ತು, ಯಾವುದೋ ಒಂದು ಇರಬೇಕಾದ್ದಕ್ಕಿಂತ ಜಾಸ್ತಿ. "ನೋಡು, ಜಡ್ಡ ಮುಚ್ಚಿಟ್ಟ ಹುಡುಗೀನ ಕೊಟ್ಟಾರ" ಎಂದರು ಅಬ್ಬಾ. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಶ್ರಾಂತಿ ಎಂಬ ನೆಪದಲ್ಲಿ ಕಿತ್ತೂರಿಗೆ ಬಿಟ್ಟು ಬಂದರು. ಆಮೇಲೆ ನಿನಗೆ ಫೋನು ಮಾಡಿ, ಮುಂದಿನದನ್ನು ಹಿರಿಯರು ಕೂತು ಮಾತಾಡುತ್ತೇವೆ ಎಂದಾಗ ನೀನು, "ನೀವು ಹೇಳಿದಂಗ, ಅಬ್ಬಾ" ಎಂದೆಯಂತೆ. ಅಷ್ಟು ದೂರದಲ್ಲಿ, ಏನೂ ತಿಳಿಯದೆ ಅಂದಿರಬೇಕು. ಆದರೆ ಆ ಮಾತು, ಹುಡುಗಿಯನ್ನು ಬಿಡಲು ನೀನೂ ಒಪ್ಪಿದಂತೆ, ಅಬ್ಬಾನ ಬಾಯಿಂದ ನಿನ್ನ ಮಾವ ಮುಜಫ್ಫರನಿಗೂ, ಅವನಿಂದ ಶಬನಮ್‌ಗೂ ಮುಟ್ಟಿತು.

ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬುರ್ಖಾ ಹಾಕಿಕೊಂಡು ಕಿತ್ತೂರಿನ ಬಸ್ಸು ಹತ್ತಿದೆ. ಹೈವೇ ಪಕ್ಕದ ಟಯರ್ ಅಂಗಡಿಯ ಹಿಂದಿನ ಮನೆಯಲ್ಲಿ ಮುಜಫ್ಫರ ನನಗೆ ಕುರ್ಚಿ ಹಾಕಿ, ತಾನು ಒಳಗೆ ಬಾರದೆ ಹೊರಗೇ ನಿಂತ. ಶಬನಮ್‌ಳನ್ನು ಕರೆದುಕೊಂಡು ಮತ್ತೆ ಗಂಗಾಬಾಯಿಯವರ ಹತ್ತಿರ ಹೋದೆ. ರಿಪೋರ್ಟು ನೋಡಿ ಅವರು, "ಭಾಳ ಲಗೂ ಮಾಡೀರಿ. ಸುಧಾರಿಸಕೊಳ್ಳೂವಾಗ ಸ್ವಲ್ಪ ದಿನ ಇದು ಮ್ಯಾಲ ಜಿಗೀತೈತಿ, ಆಮ್ಯಾಲ ತನ್ನ ಜಾಗಕ್ಕ ಬರತೈತಿ. ಇನ್ನೂ ಒಂದ ತಿಂಗಳಾ ಬಿಟ್ಟ ಬರ್ರಿ" ಎಂದರು.

ಆ ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಹಸನು ಮಾಡಿದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದೆ. ಅಬ್ಬಾ ನನ್ನೊಡನೆ ಮಾತು ಬಿಟ್ಟಿದ್ದರು. ಅವರೂ ಉಣ್ಣುತ್ತಿರಲಿಲ್ಲ, ಅದೂ ನನಗೆ ಕಾಣುತ್ತಿತ್ತು. ಮೊನ್ನೆ ಬೆಳಗಾವಿಯಲ್ಲಿ ಕೊನೆಯ ರಿಪೋರ್ಟು ಬಂತು. ಎಲ್ಲವೂ ಸರಿ ಇದೆ, ಮಗನೇ. "ಗ್ರಂಥಿ ಚಲೋ ಐತಿ. ಗುಳಿಗಿ ಬ್ಯಾಡ, ಏನೂ ಬ್ಯಾಡ. ಹೊಟ್ಟಿ ತುಂಬ ಉಣ್ಣವ್ವಾ" ಎಂದು ಗಂಗಾಬಾಯಿಯವರು ಅವಳ ಬೆನ್ನು ತಟ್ಟಿದರು. ನಾನು ಅಲ್ಲೇ ಅತ್ತುಬಿಟ್ಟೆ. ಶಬನಮ್ ನನ್ನ ಕಣ್ಣು ಒರೆಸಿದಳು, ತಾನು ಅಳಲಿಲ್ಲ. ಮನೆಗೆ ಬಂದು ಹೇಳಿದಾಗ ಅಬ್ಬಾ ರಿಪೋರ್ಟು ಇಸಿದುಕೊಂಡು ತಾವೇ ಓದಿದರು. ಆಮೇಲೆ, "ಸೊಸಿನ್ನ ಯಾವಾಗ ಕರಕೊಂಡ ಬರೂಣು?" ಎಂದು ತಾವೇ ಕೇಳಿದರು.

ಹೊತ್ತುಹೊತ್ತಿಗೆ ಉಣ್ಣು, ನಿದ್ದೆಗೆಡಬೇಡ. ಪರದೇಶದ ರಸ್ತೆಯಲ್ಲಿ ಅಲ್ಲಾಹ ನಿನ್ನ ಜೊತೆಗಿರಲಿ.

ನಿನ್ನ ಅಮ್ಮಿ,
ಶಾಹಜಾನಬಿ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಮೇಲೆ ಬರೆಯಲು ಕೈ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿನ್ನೆ ನಾವಿಬ್ಬರೂ ಕಿತ್ತೂರಿಗೆ ಹೋಗಿದ್ದೆವು. ಅಬ್ಬಾ ಮುಜಫ್ಫರನ ಕೈಹಿಡಿದು, "ನಂದ ತಪ್ಪಾತು" ಎಂದರು. ಶಬನಮ್ ಚಹಾ ಕೊಟ್ಟು ನನ್ನೆದುರು ಕೂತು ಕೇಳಿದಳು: "ಅಮ್ಮಿ, ಪರೀಕ್ಷಾದಾಗ ಜಡ್ಡು ಐತಿ ಅಂತ ಬಂದಿದ್ರ ನೀವು ಇವತ್ತ ಬರತಿದ್ರೇನು?" ಬರುತ್ತಿದ್ದೆ ಎಂದೆ. ನಂಬಿದಳು. ಅಬ್ಬಾ ಎದ್ದು ಅಂಗಡಿಯ ಕಡೆಗೆ ಹೋದರು. ಆಮೇಲೆ ಅವಳು ಮೆಲ್ಲಗೆ, "ಮತ್ತ ಅವರು?" ಎಂದಳು. ಅವಳು ಕೇಳಿದ್ದು ನಿನ್ನ ಬಗ್ಗೆ, ಜುನೇದ. ಅವಳು ನಮ್ಮ ಜೊತೆ ಬರಲಿಲ್ಲ. ಉತ್ತರವನ್ನು ನೀನೇ ಬರೆ, ಈ ಮನೆಗಲ್ಲ, ಕಿತ್ತೂರಿಗೆ, ಅವಳ ಹೆಸರಿಗೆ. ಏನು ಬರೆಯಲಿ ಎಂದು ಅಬ್ಬಾನನ್ನು ಕೇಳಬೇಡ, ನನ್ನನ್ನೂ ಕೇಳಬೇಡ.