ಜೋಡಿಯ ಪಾಲಿನ ಬಸ್ಕಿ

ಚಾಮರಾಜನಗರ
11 ಜುಲೈ 2025, ಶುಕ್ರವಾರ

ಪ್ರೀತಿಯ ಮಗಳು ಶಶಿರೇಖಾಳಿಗೆ ಇನಾಯತ್ ಉಲ್ಲಾ ಚಿಕ್ಕಪ್ಪನ ಆಶೀರ್ವಾದ.

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಿನ್ನ ಜಾಹಿದಾ ಚಿಕ್ಕಮ್ಮನ ಮಂಡಿನೋವು ಹಾಗೇ ಇದೆ. ಈ ಕಾಗದವನ್ನು ಬಕ್ರೀದಿಗೆ ಮೊದಲೇ ಬರೆಯಬೇಕಿತ್ತು. ತಡಮಾಡಿದೆ, ಕ್ಷಮಿಸು. ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀಯ. ಕಳೆದ ತಿಂಗಳು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಅಪ್ಪ ಎಂಗವ್ರೆ ಚಿಕ್ಕಪ್ಪಾ?" ಎಂದೆ, ನಾನು "ಚೆನ್ನಾಗವ್ನೆ ಕಣವ್ವ" ಎಂದೆ. ನಿನ್ನ ದನಿ ಕೇಳಿದರೆ ನನಗೆ ಸುಳ್ಳೇ ಬರುತ್ತದೆ.

ನಿನ್ನ ಅಪ್ಪ ಚೆನ್ನಾಗಿಲ್ಲ. ಅವನನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ನಿನ್ನ ಅಣ್ಣ ದೇವರಾಜು ಕರೆದರೆ ಬೈದು ಕಳಿಸುತ್ತಾನೆ, ನಾನು ಕರೆದರೆ ನಗುತ್ತಾನೆ. ನೀನೇ ಬರಬೇಕು.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನು ಬಿಟ್ಟು ಬರೆದರೆ ನನ್ನ ತಪ್ಪು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಜನವರಿಯಲ್ಲಿ ಮೈಸೂರಿನಿಂದ ಮೀನಾ ಎಂಬ ಡಾಕ್ಟರು ನಮ್ಮ ಗರಡಿಗೆ ಬಂದರು. ಹುಡುಗರಾಗಿದ್ದಾಗಿನಿಂದ ಬಿಡದೆ ಸಾಮು ಮಾಡಿಕೊಂಡು ಬಂದ ಮುದುಕರು ಅವರಿಗೆ ಬೇಕಾಗಿದ್ದರು. ಮೈಯ ಒಂದೊಂದು ಕಣದಲ್ಲೂ ಗಡಿಯಾರದಂಥದ್ದು ಇದೆಯಂತೆ. ರೋಗದ ಜೊತೆ ಹೋರಾಡುವ ಬಿಳಿಕಣಗಳೂ ಹೊತ್ತು ನೋಡಿಕೊಂಡೇ ರಕ್ತಕ್ಕೆ ಇಳಿಯುತ್ತವೆ, ಹೊತ್ತಿಗೆ ಸರಿಯಾಗಿ ಹಿಂತಿರುಗುತ್ತವೆ. ವಯಸ್ಸಾದಂತೆ ಆ ಏರಿಳಿತ ಮಂಕಾಗುತ್ತದೆ. ಜೀವಮಾನವಿಡೀ ಕಸರತ್ತು ಮಾಡಿದವರಲ್ಲಿ ಅದು ಎಷ್ಟು ಉಳಿದಿದೆ ಎಂದು ನೋಡಲು ಅವರು ಬಂದಿದ್ದರು. ನಮ್ಮ ರಕ್ತ ತೆಗೆದರು. ಮೈಬಿಸಿ, ನಿದ್ದೆ, ಓಡಾಟ ಬರೆದುಕೊಳ್ಳುವ ಒಂದೊಂದು ಪಟ್ಟಿಯನ್ನು ಕೈಗೆ ಕಟ್ಟಿದರು. ಸ್ನಾನದಲ್ಲೂ ಬಿಚ್ಚಬಾರದು ಎಂದರು.

ಫೆಬ್ರವರಿಯಲ್ಲಿ ರಕ್ತದ ವರದಿ ಬಂತು. ಎಪ್ಪತ್ತೊಂದು ವರ್ಷದ ನಿನ್ನ ಅಪ್ಪ ರಂಗನಾಯಕನ ಬಿಳಿಕಣಗಳು ನಲವತ್ತೈದರವನ ಹಾಗಿವೆ ಎಂದು ಮೀನಾ ಹೇಳಿದರು. ನಿನ್ನ ಅಪ್ಪ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನಿಮ್ಮೂರು ಉಡಿಗಾಲದಲ್ಲಿ ಮನೆ ಮನೆಗೆ ತೋರಿಸಿದ. "ನೋಡ್ರಲಾ, ಈಗ ಯೆಣ್ಣು ನೋಡುದ್ರೂ ಸಿಕ್ತದೆ" ಎಂದು ಟೀ ಅಂಗಡಿಯಲ್ಲಿ ಹೇಳಿದ್ದಕ್ಕೆ ನಿನ್ನವ್ವ ಪುಟ್ಟಸಿದ್ದಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ಮಾರ್ಚಿನಲ್ಲಿ ರಂಜಾನ್ ಬಂತು. ಮೂರೂವರೆಗೆ ಏಳುವುದು, ಹಗಲು ಉಪವಾಸ, ರಾತ್ರಿ ಊಟ. ನನ್ನ ಪಟ್ಟಿಯ ಲೆಕ್ಕವೆಲ್ಲ ಕೆಟ್ಟು ಡಾಕ್ಟರ ಕೆಲಸ ಹಾಳಾಗುತ್ತದೆ ಎಂದು ನನಗೆ ಚಿಂತೆಯಾಯಿತು. ನಮ್ಮ ಗರಡಿಯ ರೂಢಿ ನಿನಗೆ ಗೊತ್ತು. ಜೋಡಿ ಬಾರದ ದಿನ ಅವನ ಪಾಲಿನ ಬಸ್ಕಿಯನ್ನು ಇವನು ಹೊಡೆದೇ ಕುಸ್ತಿಮಣ್ಣಿನ ಮಟ್ಟಿ ಬಿಟ್ಟು ಏಳಬೇಕು. ನಿನ್ನ ಅಪ್ಪ ರಾಗಿ ಕೊಯ್ಲಿಗೆ ನಿಂತಾಗ ಅವನದನ್ನು ನಾನು ಹೊಡೆದಿದ್ದೇನೆ, ನನ್ನ ರೋಜಾದ ದಿನಗಳಲ್ಲಿ ನನ್ನದನ್ನು ಅವನು. ಐವತ್ತು ವರ್ಷ ಹೀಗೇ ನಡೆದಿದೆ. ಅವನು ಕೈ ಚಾಚಿದ. "ನಿನ್ ಪಟ್ಟೀನೂ ನನ್ಗೇ ಕಟ್ಬುಡ್ಲಾ ಸಾಬಿ. ನಿನ್ ಬಸ್ಕಿ ವೊಡ್ಯೋನು ನಿನ್ ನಿದ್ದೆ ಮಾಡಕಿಲ್ವಾ?"

ಕಟ್ಟಿದೆ. ತಿಂಗಳಿಡೀ ಅವನ ಎಡಗೈಯಲ್ಲಿ ಅವನದು, ಬಲಗೈಯಲ್ಲಿ ನನ್ನದು. ತಪ್ಪೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಏಪ್ರಿಲಿನಲ್ಲಿ ಮೀನಾ ಮತ್ತೆ ಬಂದು ಕಂಪ್ಯೂಟರ್ ತೆರೆದರು. "ಇಬ್ಬರ ಪಟ್ಟಿಯ ಗೆರೆಯೂ ಒಂದೇ ಥರ ಇದೆ ನೋಡಿ. ಹಗಲು ಯಾವುದು ರಾತ್ರಿ ಯಾವುದು ಗೊತ್ತೇ ಆಗ್ತಿಲ್ಲ. ಒಬ್ಬರದ್ದೇ ಹೀಗೆ ಬಂದಿದ್ರೆ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಇಬ್ಬರಿಗೂ ಒಟ್ಟಿಗೆ ಹೀಗಾಗಲ್ಲ. ಪಟ್ಟಿಗಳೇ ಕೆಟ್ಟಿವೆ" ಎಂದು ಬಿಚ್ಚಿಕೊಂಡು ಹೋದರು. ಅವರು ಮಾತಾಡುವಾಗ ನಿನ್ನ ಅಪ್ಪ ನನ್ನ ಕಾಲು ತುಳಿದ. ಅವರು ಹೋದ ಮೇಲೆ, ನಕಲು ಹೊಡೆದು ಪಾಸಾದ ಹುಡುಗರಂತೆ ಇಬ್ಬರೂ ನಕ್ಕೆವು. ಮನೆಗೆ ನಡೆದು ಬರುವಾಗ "ಒಬ್ಬರದ್ದೇ ಹೀಗೆ ಬಂದಿದ್ರೆ" ಎಂಬ ಮಾತು ನೆನಪಾಗಿ ದಾರಿಯಲ್ಲೇ ನಿಂತೆ. ಅದು ಒಬ್ಬನದೇ ಆಗಿತ್ತು.

ಆದರೂ ಹೇಳಲಿಲ್ಲ. ಅಷ್ಟು ಓದಿದ ಹೆಣ್ಣುಮಗಳಿಗೆ ಮೋಸ ಮಾಡಿದೆವು ಎಂದು ಯಾವ ಬಾಯಿಂದ ಹೇಳಲಿ ಎನಿಸಿತು. ಮರುದಿನ ಅವನು ಉಡಿಗಾಲದಿಂದ ಸೈಕಲ್ ತುಳಿದುಕೊಂಡು ಬಂದು ಗರಡಿಯಲ್ಲಿ ಕೈಯೂರಿ ನೂರು ದಂಡೆ ಹೊಡೆದ. ಕಾಯಿಲೆಯವನು ನೂರು ದಂಡೆ ಹೊಡೆಯುತ್ತಾನೆಯೇ ಎಂದು ಸುಮ್ಮನಾದೆ.

ಮೇ ತಿಂಗಳಲ್ಲಿ ಅವನ ಮೊಣಕೈ ತರಚಿತು. ಎರಡು ತಿಂಗಳಾಯಿತು, ಇನ್ನೂ ಒಣಗಿಲ್ಲ. ಬಕ್ರೀದಿನ ದಿನ ನಮ್ಮ ಮನೆಯಲ್ಲಿ ತುತ್ತು ಕೈಯಲ್ಲಿ ಹಿಡಿದೇ ನಿದ್ದೆಹೋದ. ಜಾಹಿದಾ ತಟ್ಟೆ ಸರಿಸಲು ಹೋಗಿ ಅವನ ಕೈ ಮುಟ್ಟಿದವಳು ನನ್ನ ಮುಖ ನೋಡಿದಳು. ಕೈ ಸುಡುತ್ತಿತ್ತು. ದಿನವೂ ಸಂಜೆ ಹಾಗೆ ಸುಡುತ್ತದೆ, ಬೆಳಿಗ್ಗೆ ಆರಿರುತ್ತದೆ.

ಕಳೆದ ಸೋಮವಾರ ಸಂಜೆಯ ಮಗ್ರಿಬ್ ಆಜಾನ್ ಮುಗಿದಿತ್ತು. ನಾನು ಹೊಲಿಗೆ ಮಿಷನ್ನಿಗೆ ಹೊದಿಕೆ ಹಾಕುತ್ತಿದ್ದೆ. ನಿನ್ನ ಅಪ್ಪ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದ. ಹೆಗಲ ಮೇಲೆ ಗರಡಿಯ ಚಡ್ಡಿ, ಟವೆಲ್.

"ಏಳ್ಲಾ, ಓಗನ" ಎಂದ.

"ಎಲ್ಲಿಗಲಾ?"

"ಗರಡಿಗೆ. ನಿಮ್ ಮಸೀದೀಲಿ ಕೂಗಾಯ್ತಲ್ಲ. ಬೆಳ್ಗಾಗ್ತಾ ಅದೆ."

ಸಂಜೆಯಾಯಿತೆಂದೆ. ತಮಾಷೆ ಮಾಡಬೇಡ ಎಂದ. ಪಕ್ಕದ ಅಂಗಡಿಯವರು ಬಾಗಿಲು ಎಳೆಯುವುದನ್ನು ನೋಡಿ, "ಇವ್ರೇನ್ಲಾ ಬೆಳಿಗ್ಗೇಲೇ ಬಾಗ್ಲಾಕ್ತಾವ್ರೆ?" ಎಂದು ನಕ್ಕ. ಕತ್ತಲು ಹೆಚ್ಚುತ್ತಾ ಬಂತು. ಬೆಳಕು ಬರುತ್ತಿಲ್ಲವೆಂದು ಅವನಿಗೆ ನಿಧಾನವಾಗಿ ತಿಳಿಯುವುದನ್ನು ನಾನು ಅವನ ಮುಖದಲ್ಲಿ ನೋಡಿದೆ. ಮಗಳೇ, ಅವನು ಹೆದರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಯಾರ್ಗೂ ಏಳ್ಬ್ಯಾಡ" ಎಂದು ನನ್ನ ಕೈ ಹಿಡಿದುಕೊಂಡ.

ಗರಡಿಯ ಹಿರಿಯ ನಿಂಗಯ್ಯನವರ ಹತ್ತಿರ ಮರುದಿನ ಮೆಲ್ಲಗೆ ಮಾತು ತೆಗೆದೆ. "ಸಾಮು ಮಾಡೋ ಮೈಯ್ಗೆ ಯಾವ ರೋಗ್ವಲಾ? ಸೂಜಿ ಚುಚ್ಚುಸ್ಕಂಡ್ರಲ್ಲ, ದಿಷ್ಟಿ ಆಗ್ಬುಟ್ಟದೆ. ಇಪ್ಪತ್ ದಂಡೆ ಜಾಸ್ತಿ ವೊಡುಸು, ಬೆವ್ರಲ್ಲಿ ಓಯ್ತದೆ" ಎಂದರು. ನಿನ್ನ ಅಪ್ಪ ಅದನ್ನೇ ಮಾಡುತ್ತಿದ್ದಾನೆ. ಈಗ ದಿನಕ್ಕೆ ನೂರಿಪ್ಪತ್ತು.

ಬುಧವಾರ ಮೀನಾ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಗೆರೆ ಮಾರ್ಚಿನದು. ಈಗ ಜುಲೈ" ಎಂದರು. ಆಮೇಲೆ, "ಇಷ್ಟು ವರ್ಷ ಸಾಧನೆ ಮಾಡಿದ ಮೈ ಕಾಯಿಲೇನ ಮುಚ್ಚಿಟ್ಟುಕೊಳ್ಳುತ್ತೆ. ಬೇರೆಯವರು ಹಾಸಿಗೆ ಹಿಡಿಯೋ ಹೊತ್ತಲ್ಲಿ ಇಂಥವರು ಸೈಕಲ್ ತುಳೀತಾ ಇರ್ತಾರೆ. ನೀವು ಅದನ್ನು ಆರೋಗ್ಯ ಅಂದ್ಕೊಂಡ್ರಿ" ಎಂದರು. ಏನಾಗಿದೆ ಎಂದು ಕೇಳಿದೆ. ನೋಡದೆ ಹೇಳುವುದಿಲ್ಲ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೈಸೂರಿನ ಆಸ್ಪತ್ರೆಗೆ ಕರೆತನ್ನಿ, ಮುಂದೂಡಬೇಡಿ ಎಂದರು.

ಆದ್ದರಿಂದ ನಾಳೆ ಬೆಳಿಗ್ಗೆ ಗುಂಡ್ಲುಪೇಟೆಗೆ ಬರುವ ನನ್ನ ಮಗ ರಿಯಾಜ್ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಓದಿದವಳೇ ಅವನ ಜೊತೆ ಹೊರಡು. ಅಪ್ಪನಿಗೆ ಮೊದಲೇ ಹೇಳಬೇಡ, ಹೊಲಕ್ಕೆ ಹೋಗಿಬಿಡುತ್ತಾನೆ. ಆ ರಕ್ತದ ಹಾಳೆ ತೋರಿಸಿ ವಾದ ಮಾಡುತ್ತಾನೆ. ಅದು ಜನವರಿಯ ರಕ್ತ ಎಂದು ಹೇಳು. ನೀನು ಅತ್ತರೆ ಬರುತ್ತಾನೆ. ಅಳು ಬಾರದಿದ್ದರೂ ಅಳು.

ಅಲ್ಲಾಹ್ ನಿನ್ನ ಮನೆಯನ್ನು ಕಾಪಾಡಲಿ. ನಿಮ್ಮ ಮನೆದೇವರೂ ಕಾಪಾಡಲಿ. ಯಾರು ಕೇಳಿಸಿಕೊಂಡರೂ ಸರಿಯೇ.

ನಿನ್ನ ಚಿಕ್ಕಪ್ಪ,
ಇನಾಯತ್ ಉಲ್ಲಾ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ಮೇ ತಿಂಗಳಲ್ಲಿ ನಿನ್ನ ಗೃಹಪ್ರವೇಶಕ್ಕೆ ಅವನು ತೊಟ್ಟು ಬಂದ ಬಿಳಿ ಅಂಗಿ ನಾನು ಹೊಲಿದದ್ದು. "ನೋಡಿ ಚಿಕ್ಕಪ್ಪಾ, ಅಪ್ಪ ಒಂದ್ಚೂರೂ ಇಳ್ದಿಲ್ಲ" ಎಂದು ನೀನು ಎಲ್ಲರ ಮುಂದೆ ಹೇಳಿದೆ. ಅಳತೆ ತೆಗೆದಾಗ ಎದೆ ನಲವತ್ತೆರಡಿದ್ದದ್ದು ಮೂವತ್ತೊಂಬತ್ತಕ್ಕೆ ಇಳಿದಿತ್ತು. ಅಳತೆ ಪುಸ್ತಕದಲ್ಲಿ ನಲವತ್ತೆರಡು ಎಂದೇ ಬರೆದು, ಬಟ್ಟೆಯನ್ನು ಮೂವತ್ತೊಂಬತ್ತಕ್ಕೆ ಕತ್ತರಿಸಿದೆ. ಭುಜ ತುಂಬಿ ಕಾಣಲೆಂದು ಒಳಗೆ ಕ್ಯಾನ್ವಾಸ್ ಇಟ್ಟೆ. ನೀನು ಕಂಡುಹಿಡಿದರೆ ಪಟ್ಟಿಯ ವಿಷಯ ಹೊರಬೀಳುತ್ತದೆ ಎಂಬ ಭಯ, ಬೇರೇನೂ ಅಲ್ಲ. ಉಡಿಗಾಲದ ಮನೆಯ ಪೆಟ್ಟಿಗೆಯಲ್ಲಿ ಹೋದ ವರ್ಷದ ಅಂಗಿ ಇರುತ್ತದೆ. ಬಂದ ತಕ್ಷಣ ಅದನ್ನು ಅವನಿಗೆ ತೊಡಿಸಿ ನೋಡು.