ಗ್ರೀಸಿನಡಿಯ ತುಕ್ಕು

ಹರಿಹರ,
೧೮ ನವೆಂಬರ್ ೨೦೨೪

ಮಾಲತೇಶ್ ಅವರಿಗೆ, ಸುನೀತಾ ಬರೆಯುವುದು.

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಹತ್ತು ದಿನದಿಂದ ಅಣ್ಣನ ಮನೆಯಲ್ಲಿದ್ದೇನೆ. ಫೋನ್ ಮಾಡಬೇಡಿ. ಮಾಡಿದರೂ ಎತ್ತುವುದಿಲ್ಲ.

ಆ ಹಳೆಯ ಜರ್ಮನ್ ಬೈಕೆಂದರೆ ನನಗೂ ಜೀವ. ಶಾಮನೂರಿನ ನಮ್ಮ ಶೆಡ್ಡಿನಲ್ಲಿ ಎರಡು ವರ್ಷ ದುಡಿದು ಅದನ್ನು ಎಬ್ಬಿಸಿ ನಿಲ್ಲಿಸಿದ್ದರಲ್ಲಿ ಐಟಿಐ ಕಲಿತ ನನ್ನ ಕೈಯೂ ಇತ್ತು. ಎರಡೂ ಪಕ್ಕಕ್ಕೆ ಚಾಚಿ ಗಾಳಿಗೇ ತಣಿಯುವ ಸಿಲಿಂಡರುಗಳು, ಚೈನಿನ ಬದಲು ಜೀಪಿನ ಹಾಗೆ ಶಾಫ್ಟು, ಒಂದೇ ತೋಳಿನ ಮೇಲೆ ಕೂತ ಹಿಂದಿನ ಚಕ್ರ. ಮರಳುಗಾಡಿಗೂ ಹಿಮಕ್ಕೂ ಯೋಚಿಸಿ ಮಾಡಿದ ಗಾಡಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ಆ ಮನುಷ್ಯ ಎಲ್ಲಿ ಹೋದ?

ಶಾಫ್ಟನ್ನು ಗೇರ್‌ಬಾಕ್ಸಿಗೆ ಸೇರಿಸುವ ಕೀಲಿನ ಕ್ರಾಸ್ ಸವೆದಿತ್ತು. ಚಕ್ರ ಅಲುಗಿಸಿದರೆ ಕಟಕಟ ಎನ್ನುತ್ತಿತ್ತು. ಹೊಸದು ಹೊರದೇಶದಿಂದ ಬರಲು ಎರಡು ತಿಂಗಳು. ಕೊಳ್ಳಲು ಬಂದ ಔಷಧಿ ಅಂಗಡಿಯ ನೌಮಾನ್‌ಗೆ ಲಡಾಖಿಗೆ ಹೊರಡುವ ಅವಸರ, ನಿಮಗೆ ವ್ಯಾಪಾರ ಕೈತಪ್ಪೀತೆಂಬ ಭಯ. ಗ್ರೀಸ್ ತುಂಬಿ, “ಶಬ್ದ ಹೋತು, ಇನ್ನೇನ್ ಬೇಕು? ಒಯ್ಯಲಿ ಬಿಡು” ಎಂದಿರಿ.

ಒಯ್ದ. ಲಡಾಖ್ ಇರಲಿ, ಮೂರನೆಯ ದಿನ ಹರಿಹರದ ಸೇತುವೆಯ ಮೇಲೇ ಕ್ರಾಸ್ ಮುರಿದು ಚಕ್ರ ಕಚ್ಚಿಕೊಂಡಿತು. ಅವನ ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವನ ತಾಯಿ ಹಜೀರಾಬೀ ಅವರಿಗೆ ನೀವು ಹೇಳಿದ್ದೇನು? “ಹುಡುಗ್ರು ಸ್ಪೀಡ್ ಹೊಡಿತಾರ, ನಾವೇನ್ ಮಾಡಾಕಾಗ್ತೈತ್ರಿ.” ಅವರು ತಲೆಯಾಡಿಸಿ ನಿಮಗೆ ಚಹಾ ತರಿಸಿದರು. ನೀವು ಕುಡಿದಿರಿ. ನೀವು ಅದನ್ನು ಸುರ್ರೆಂದು ಹೀರಿದ ಸದ್ದಿಗೇ ನಾನು ಎದ್ದು ಬಂದದ್ದು.

ನಿನ್ನೆ ಠಾಣೆಯ ಅಂಗಳದಲ್ಲಿ ಪೊಲೀಸರ ಎದುರಿಗೇ ಶಾಫ್ಟು ಬಿಚ್ಚಿಕೊಟ್ಟೆ. ಮುರಿದ ತುದಿಗೆ ಹೊಸ ಗ್ರೀಸು, ಅದರಡಿ ಹಳೆಯ ತುಕ್ಕು. “ಇದು ಮೊದ್ಲ ಗೊತ್ತಿತ್ತೇನಮ್ಮಾ?” ಎಂದರು ಇನ್‌ಸ್ಪೆಕ್ಟರ್. ನನ್ನ ಗಂಡನಿಗೆ ಗೊತ್ತಿತ್ತು ಎಂದು ಬರೆದು ಸಹಿ ಹಾಕಿದೆ. ನಿಮ್ಮನ್ನು ಕರೆಸುತ್ತಾರೆ. ಅಲ್ಲಾದರೂ ಸುಳ್ಳು ಹೇಳಬೇಡಿ.

ಸುನೀತಾ

ತಾ.ಕ.: ಆ ಹೇಳಿಕೆಯಲ್ಲಿ ನಾನೂ ಒಂದು ಮುಚ್ಚಿಟ್ಟೆ. ಗಾಡಿ ಒಯ್ಯುವ ದಿನ ನೀವು ಕಾಗದಪತ್ರ ತರಲು ಒಳಗೆ ಹೋದಾಗ ನೌಮಾನ್ ಮೆಲ್ಲಗೆ, “ಅಕ್ಕಾ, ನೀವ್ ಹೇಳ್ರಿ, ನಂಬಿ ಹೋಗಬಹುದಾ?” ಎಂದು ಕೇಳಿದ್ದ. “ಹೋಗಪ್ಪ, ಏನಾಗಲ್ಲ” ಎಂದಿದ್ದೆ. ಇವತ್ತು ಬೆಳಿಗ್ಗೆ ವಿನೋಬನಗರದ ಅವರ ಮನೆಗೆ ಹೋಗಿ ಹಜೀರಾಬೀ ಅವರಿಗೆ ಅದನ್ನು ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಈಗ ಮತ್ತೆ ಠಾಣೆಗೆ ಹೊರಟಿದ್ದೇನೆ.