ಖಾಲಿ ಡಬ್ಬಿ

ಮಗಳೇ,

ಕುಡಿತ ಬಿಡಿಸುವ ಚಿಕಿತ್ಸೆ ಈಗ ನೀನು ನರ್ಸ್ ಆಗಿರುವ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದಲ್ಲ, ನಿನ್ನೆ ಬಂದಿದ್ದೆ. ಯಾರಾದರೂ ಕೇಳಿದರೆ ಮಗಳಿಗೆ ಊಟ ತಂದಿದ್ದೇನೆ ಎನ್ನೋಣವೆಂದು ಖಾಲಿ ಡಬ್ಬಿ ಹಿಡಿದು ಜ್ವರದವರ ಸಾಲಿನಲ್ಲಿ ಕೂತೆ. ಒಳಗೆ ನೀನು ಯಾರಿಗೋ ಹೇಳುತ್ತಿದ್ದೆ: "ನಮ್ಮಪ್ಪನೇ ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಿಮ್ಮ ಕೈಲಿ ಆಗಲ್ವಾ ಅಣ್ಣಾ?" ಆತ "ಬಿಡ್ತೀನಿ ಸಿಸ್ಟರ್" ಎಂದು ಅತ್ತ.

ನಾನು ಬಿಟ್ಟಿಲ್ಲ ಮಗಳೇ. ನೀನು ಮನೆಗೆ ಬರುವ ದಿನ ಮಾತ್ರ ಮುಟ್ಟುವುದಿಲ್ಲ. ಇನ್ನು ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಬರಲಿ? ಹತ್ತಿರದಲ್ಲಿ ಬೇರೆಡೆ ಈ ಚಿಕಿತ್ಸೆಯೂ ಇಲ್ಲ.

ಓಡಿ ಬರಬೇಡ. ಆತನಿಗೂ ನಿಜ ಹೇಳಬೇಡ, ಅವನಾದರೂ ಬಿಡಲಿ. ಎದ್ದು ಬರುವ ಅವಸರದಲ್ಲಿ ಡಬ್ಬಿ ಬೆಂಚಿನ ಮೇಲೇ ಉಳಿದಿದೆ. ಯಾರಾದರೂ ಕೇಳಿದರೆ, ಅಪ್ಪ ಊಟ ತಂದಿದ್ದರು ಎನ್ನು.

ನಿನ್ನ ಅಪ್ಪ